ಕ್ಯಾಲಿಫೋರ್ನಿಯಾದ ವೈನ್ ಕಣಿವೆ ನಾಪಾಗೆ ಹೊರಟಿದ್ದೀವಿ, ಮನೇಲಿ ಯಾರೂ ವೈನ್ ಕುಡಿಯಲ್ಲ. ಹೋಗಿ ಏನು ಮಾಡೋದು?

ಸನ್ನಿವೇಲ್ ಸೊಸೆ:
ಎಲ್ಲರಿಗೂ ನಮಸ್ಕಾರ. ಅತ್ತೆ ಮಾವ ಹಾಸನದಿಂದ ಬಂದಿದ್ದಾರೆ, ಮಾರ್ಚ್ ಕೊನೆಗೆ ವಾಪಸ್ ಹೊರಡುತ್ತಾರೆ. ಗೋಲ್ಡನ್ ಗೇಟ್, ಮಾಂಟೆರೆ, ಲಿವರ್‌ಮೋರ್ ದೇವಸ್ಥಾನ ಎಲ್ಲ ಮುಗೀತು. ಈಗ ನಮ್ಮನೆಯವರ ಆಫೀಸಿನವರು "ಇಷ್ಟು ಹತ್ತಿರ ಇದ್ದು ನಾಪಾ ತೋರಿಸದೆ ಕಳಿಸ್ತೀರಾ" ಅಂತ ತಲೆ ತಿಂದಿದ್ದಾರೆ, ಇವರೂ ಹೂಂ ಅಂದು ಬಂದಿದ್ದಾರೆ. ಮಾರ್ಚ್ ಮೊದಲ ಶನಿವಾರ ಅಂತ ಆಗಿದೆ. ತೊಂದರೆ ಏನಂದ್ರೆ ನಮ್ಮಲ್ಲಿ ಯಾರೂ ಕುಡಿಯಲ್ಲ. ಮಾವನಿಗಂತೂ ವೈನೂ ಒಂದೇ ಸಾರಾಯಿಯೂ ಒಂದೇ. "ಹೆಂಡದಂಗಡಿ ನೋಡೋಕೆ ಎರಡು ಗಂಟೆ ಕಾರಲ್ಲಿ ಹೋಗಬೇಕಾ" ಅಂತ ಆಗಲೇ ಕೇಳಿ ಆಯ್ತು. ಮಕ್ಕಳು ಇಬ್ಬರು, 11 ಮತ್ತು 6. ಎಲ್ಲರೂ ಸಸ್ಯಾಹಾರಿಗಳು. ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ, ಬಿಪಿ ಮಾತ್ರೆಯೂ ಇದೆ. ಬೆಳಗ್ಗೆ ಹೋಗಿ ರಾತ್ರಿ ವಾಪಸ್. ನಿಜವಾಗಿ ನೋಡೋಕೆ ಏನಾದರೂ ಇದೆಯಾ, ಇಲ್ಲ ಗ್ಲಾಸ್ ಹಿಡಿದು ಫೋಟೋ ತೆಗೆಸಿಕೊಳ್ಳೋ ಜಾಗ ಅಷ್ಟೇನಾ?

ಡ್ರೈವರ್ ನಾನೇ:
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋಗಬೇಡಿ. ನಾನು ಕುಡಿಯಲ್ಲ, ಅದಕ್ಕೇ ಸ್ನೇಹಿತರು ನಾಪಾ ಅಂದಾಗೆಲ್ಲ ನನ್ನನ್ನೇ ಕರೀತಾರೆ, ವಾಪಸ್ ಓಡಿಸೋಕೆ ಜನ ಬೇಕಲ್ಲ. ಒಂದು ವೈನರಿಯಲ್ಲಿ, ಅಂದ್ರೆ ವೈನ್ ತಯಾರಿಸೋ ಜಾಗದಲ್ಲಿ, ಕೂತು ಏನೂ ಮುಟ್ಟದೆ ನೀರು ಕುಡಿದಿದ್ದಕ್ಕೆ ನನಗೂ ವೈನ್ ರುಚಿ ನೋಡೋ ಪೂರ್ತಿ ಟೇಸ್ಟಿಂಗ್ ದುಡ್ಡು ಹಾಕಿದರು. ಕೇಳಿದರೆ "ಸೀಟಿಗೆ ದುಡ್ಡು ಸರ್" ಅಂದರು. ಒಬ್ಬರಿಗೆ 50 ಡಾಲರ್ ದಾಟೋದು ಅಲ್ಲಿ ಮಾಮೂಲು. ನೀವು ನಾಲ್ಕು ಜನ ದೊಡ್ಡವರು, ಲೆಕ್ಕ ಹಾಕಿ. ಅದೇ ದುಡ್ಡಲ್ಲಿ ಟಾಹೋದಲ್ಲಿ ಒಂದು ರಾತ್ರಿ ಉಳಿದು ಹಿಮ ತೋರಿಸಿ.

ಬೇ ಏರಿಯಾ ಹಳಬ:
ಮೇಲಿನವರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ವೈನರಿ ಮೇಲಿನ ಸಿಟ್ಟು, ಕಣಿವೆ ಮೇಲಿನದ್ದಲ್ಲ. ಟೇಸ್ಟಿಂಗ್ ರೂಮಿಂದ ಟೇಸ್ಟಿಂಗ್ ರೂಮಿಗೆ ಸುತ್ತಿದರೆ ಕುಡಿಯದವರಿಗೆ ನಾಪಾ ಬೋರೇ. ಮೂರನೇದಕ್ಕೆ ಹೋಗೋ ಹೊತ್ತಿಗೆ ಕುಡಿಯೋರಿಗೂ ಬೋರೇ, ಹೇಳಿಕೊಳ್ಳಲ್ಲ ಅಷ್ಟೆ. ಆ ಕಟ್ಟಡಗಳನ್ನು ಬಿಟ್ಟು ನೋಡಿ. ಸುಮಾರು 30 ಮೈಲಿ ಉದ್ದ, ಕೆಲವೇ ಮೈಲಿ ಅಗಲ, ಎರಡೂ ಕಡೆ ಬೆಟ್ಟ, ಮಧ್ಯೆ ಹೊಲ. ಇದು ಒಂದು ಬೇಸಾಯದ ಕಣಿವೆ.

ಮಾವನಿಗೆ ಹೇಳೋಕೆ ಒಂದು ವಿಷಯ ಕೊಡ್ತೀನಿ. ನೀವು ಈಗ ಇರೋ ಸನ್ನಿವೇಲ್ ಕೂಡ ಹೀಗೇ ಇತ್ತು. ಸಾಂತಾ ಕ್ಲಾರಾ ಕಣಿವೆ ಪೂರ್ತಿ ಏಪ್ರಿಕಾಟ್, ಪ್ಲಮ್, ಚೆರಿ ತೋಟ. ಆಮೇಲೆ ಚಿಪ್ ಬಂತು, ಆಫೀಸು ಬಂತು, ನಾವೆಲ್ಲ ಬಂದ್ವಿ, ತೋಟ ಹೋಯ್ತು. ನಿಮ್ಮೂರಿನ ಹೆರಿಟೇಜ್ ಪಾರ್ಕ್‌ನಲ್ಲಿ ಒಂದು ಏಪ್ರಿಕಾಟ್ ತೋಟ ಉಳಿಸಿಕೊಂಡಿದ್ದಾರೆ, ನೋಡಿಲ್ಲ ಅಂದ್ರೆ ನೋಡಿ, ಮನೆ ಹತ್ತಿರವೇ. ನಾಪಾದವರು 1968ರಲ್ಲಿ ಕಣಿವೆಯ ನೆಲವನ್ನ ಕೃಷಿಗೆ ಮೀಸಲು ಅಂತ ಕಾನೂನು ಮಾಡಿದರು. ಅಮೆರಿಕದಲ್ಲಿ ಆ ಥರದ್ದು ಅದೇ ಮೊದಲು. ಜಮೀನು ತುಂಡು ಮಾಡಿ ಸೈಟ್ ಹಾಕಿ ಮಾರೋ ಹಾಗಿಲ್ಲ. ಆಗ ಎಷ್ಟೋ ಜಮೀನುದಾರರು ವಿರೋಧ ಮಾಡಿದ್ದರು, ಸೈಟಾದರೆ ಬೆಲೆ ಜಾಸ್ತಿ ಅಲ್ವಾ. ಹೆದ್ದಾರಿಯಲ್ಲಿ ಹೋಗ್ತಾ ಎರಡೂ ಕಡೆ ಹಸಿರು ಕಾಣೋದು ಆ ಕಾನೂನಿಂದ. ಬೆಂಗಳೂರು ಸುತ್ತಮುತ್ತ ಏನಾಗಿದೆ ಅಂತ ನೋಡಿದವರಿಗೆ ಇದು ಸಣ್ಣ ವಿಷಯ ಅನ್ಸಲ್ಲ.

ದಾರಿ ಹೇಳ್ತೀನಿ. ಎಲ್ಲರೂ ಹೈವೇ 29 ಹಿಡೀತಾರೆ, ಸೇಂಟ್ ಹೆಲೀನಾ ಹತ್ತಿರ ಶನಿವಾರ ಗಾಡಿ ಮುಂದೆ ಹೋಗಲ್ಲ. ಅದರ ಪೂರ್ವಕ್ಕೆ ಸಮಾನಾಂತರವಾಗಿ ಸಿಲ್ವರಾಡೋ ಟ್ರೇಲ್ ಇದೆ, ಅದರಲ್ಲಿ ಮೇಲೆ ಹೋಗಿ, 29ರಲ್ಲಿ ವಾಪಸ್ ಬನ್ನಿ. ಮೊದಲು ಸೀದಾ ತುದಿಗೆ, ಕ್ಯಾಲಿಸ್ಟೋಗಾಗೆ. ಅದು ಬಿಸಿನೀರಿನ ಬುಗ್ಗೆಗಳ ಊರು. ಕ್ರಿಸ್ಟಲ್ ಗೀಸರ್ ಅಂತ ಬಾಟಲಿ ನೀರು ಕುಡೀತೀವಲ್ಲ, ಆ ಕಂಪನಿ ಶುರುವಾಗಿದ್ದೂ ಅಲ್ಲೇ. ಓಲ್ಡ್ ಫೇತ್‌ಫುಲ್ ಗೀಸರ್ ಆಫ್ ಕ್ಯಾಲಿಫೋರ್ನಿಯಾ ಅಂತ ಟಿಕೆಟ್ ಇರೋ ಜಾಗ ಇದೆ (ಯೆಲ್ಲೋಸ್ಟೋನ್ ಪಾರ್ಕಿನ ಇದೇ ಹೆಸರಿನದು ಬೇರೆ). ಕಾಯಬೇಕು. ಅರ್ಧ ಗಂಟೆ ಆಚೀಚೆಗೆ ಒಂದು ಸಲ ನೆಲದಿಂದ ಬಿಸಿನೀರು ಚಿಮ್ಮುತ್ತೆ. ಬೆಂಚ್ ಇದೆ, ಅತ್ತೆ ಕೂತ್ಕೋಬಹುದು. ಮಕ್ಕಳಿಗೆ ನೀರಿಗಿಂತ ಅಲ್ಲಿನ ಮೇಕೆಗಳೇ ಇಷ್ಟ ಆಗುತ್ತೆ. ಬೆಚ್ಚಿದರೆ ಕಾಲು ಸೆಟೆದು ಹಾಗೇ ಮಗ್ಗುಲಿಗೆ ಬೀಳೋ ಜಾತಿ ಅವು. ಪ್ರಜ್ಞೆ ತಪ್ಪಲ್ಲ, ಮಾಂಸಖಂಡ ಬಿಗಿಯೋದಷ್ಟೇ, ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಮೇಯ್ತಾವೆ. ಬೇಕಂತ ಹೆದರಿಸಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ.

ಅಲ್ಲಿಂದ ಕೆಳಗೆ ಬರ್ತಾ ಬೇಲ್ ಗ್ರಿಸ್ಟ್ ಮಿಲ್. ಇದನ್ನ ಬಿಡಲೇಬೇಡಿ. 1846ರ ಹಿಟ್ಟಿನ ಗಿರಣಿ, ನೀರಿನಿಂದ ತಿರುಗೋ 36 ಅಡಿಯ ಮರದ ಚಕ್ರ. ಶನಿವಾರ ಭಾನುವಾರ ಬೀಸಿ ತೋರಿಸ್ತಾರೆ. ದ್ರಾಕ್ಷಿ ಬರೋಕೆ ಮುಂಚೆ ಈ ಕಣಿವೆ ಗೋಧಿ ಬೆಳೀತಿತ್ತು, ರೈತರು ಗಾಡಿಯಲ್ಲಿ ಕಾಳು ತಂದು ಇಲ್ಲಿ ಸರತಿ ನಿಲ್ತಿದ್ದರು. ಚಕ್ರ ತಿರುಗೋಕೆ ಶುರುವಾದಾಗ ಮರದ ನೆಲ ಕಾಲಡಿ ಅದುರುತ್ತೆ, ಮೇಲಿನ ಬುಟ್ಟಿಯಿಂದ ಕಾಳು ಗಡಗಡ ಅಂತ ಕಲ್ಲಿನ ಬಾಯಿಗೆ ಬೀಳುತ್ತೆ, ಪಕ್ಕದ ತೂಬಿನಿಂದ ಬೆಚ್ಚಗಿನ ಹಿಟ್ಟು ಬರುತ್ತೆ. ನಮ್ಮಮ್ಮ ಬಂದಾಗ ಆ ಹಿಟ್ಟನ್ನ ಬೆರಳಲ್ಲಿ ಉಜ್ಜಿ ನೋಡಿ "ತರಿ ಜಾಸ್ತಿ ಆಯ್ತು, ಕಲ್ಲು ಕಟೆಸಬೇಕು" ಅಂದರು, ನಾನು ಅದನ್ನ ಇಂಗ್ಲಿಷಲ್ಲಿ ಹೇಳಿದೆ, ಬೀಸುತ್ತಿದ್ದವರು ನಕ್ಕು ಕಲ್ಲು ಹೇಗೆ ಕಟೀತಾರೆ ಅಂತ ಕಾಲು ಗಂಟೆ ಅಮ್ಮನಿಗೆ ವಿವರಿಸಿದರು.

ಒಗ್ಗರಣೆ:
ಊಟದ ವಿಷಯ ನನಗೆ ಬಿಡಿ. ಮಾರ್ಚ್ ಮೊದಲ ವಾರ ಅಂದ್ರೆ ಸಾಸಿವೆ ಕಾಲ, ಅದೃಷ್ಟ ನಿಮ್ಮದು. ಜನವರಿಯಿಂದ ಮಾರ್ಚ್‌ವರೆಗೆ ಬೋಳು ದ್ರಾಕ್ಷಿ ಸಾಲುಗಳ ಮಧ್ಯೆ ಸೊಂಟದವರೆಗೆ ಹಳದಿ ಹೂವು. ಗೊಬ್ಬರಕ್ಕೆ, ಮಳೆಗೆ ಮಣ್ಣು ಕೊಚ್ಚಿ ಹೋಗದೆ ಇರಲಿ ಅಂತ ಬಿಟ್ಟಿರ್ತಾರೆ, ಬೀಜ ಕಟ್ಟೋ ಮುಂಚೆ ಕತ್ತರಿಸಿ ಮಣ್ಣಿಗೆ ಸೇರಿಸ್ತಾರೆ. ನಮ್ಮತ್ತೆ ನೋಡಿ "ಇಷ್ಟೊಂದು ಸಾಸಿವೆ ಇಟ್ಕೊಂಡು ಒಂದು ಒಗ್ಗರಣೆಗೂ ಬಳಸಲ್ವಾ ಇವ್ರು" ಅಂತ ದಾರಿಯುದ್ದಕ್ಕೂ ಸಂಕಟ ಪಟ್ಟರು.

ತಿನ್ನೋಕೆ ನಾಪಾ ಊರಲ್ಲಿ ನದಿ ಪಕ್ಕ ಆಕ್ಸ್‌ಬೋ ಪಬ್ಲಿಕ್ ಮಾರ್ಕೆಟ್ ಇದೆ. ಒಂದೇ ಸೂರಿನಡಿ ಬೇಕರಿ, ಚೀಸ್, ಐಸ್‌ಕ್ರೀಮ್, ಕಾಫಿ ಎಲ್ಲ. ಅಲ್ಲಿ ಮಾಡೆಲ್ ಬೇಕರಿಯ ಇಂಗ್ಲಿಷ್ ಮಫಿನ್ ಬಿಸಿ ಇದ್ದಾಗ ತಿನ್ನಿ, ನಮ್ಮ ಬೇಕರಿ ಬನ್ ಇಷ್ಟಪಡೋರಿಗೆ ಇಷ್ಟ ಆಗುತ್ತೆ. ಅತ್ತೆ ಮಾವ ಮೊಟ್ಟೆ ತಿನ್ನಲ್ಲ ಅಂದ್ರೆ ಕೌಂಟರಲ್ಲಿ ಕೇಳಿಯೇ ತಗೊಳ್ಳಿ. ಆದರೆ ಮಧ್ಯಾಹ್ನದ ಊಟ ಮಾತ್ರ ಮನೆಯಿಂದಲೇ ಒಯ್ಯಿರಿ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ವೈನರಿಗಳ ಅಂಗಳದಲ್ಲಿ ಹೊರಗಿನ ಊಟ ಬಿಚ್ಚೋಕೆ ಸಾಮಾನ್ಯವಾಗಿ ಬಿಡಲ್ಲ. ಗಿರಣಿ ಪಕ್ಕದಲ್ಲೇ ಬೋಥಿ-ನಾಪಾ ವ್ಯಾಲಿ ಸ್ಟೇಟ್ ಪಾರ್ಕ್, ಅಲ್ಲಿ ಪಿಕ್ನಿಕ್ ಟೇಬಲ್ ಇದೆ, ರೆಡ್‌ವುಡ್ ಮರದ ನೆರಳೂ ಇದೆ. ಸೇಂಟ್ ಹೆಲೀನಾ ಊರೊಳಗೆ ಲೈಮನ್ ಪಾರ್ಕ್ ಕೂಡ ಆಗುತ್ತೆ.

ಇನ್ನೊಂದು ಮಾತು. ಆಲಿವ್ ಎಣ್ಣೆ ರುಚಿ ನೋಡೋ ಜಾಗಗಳು ಸೇಂಟ್ ಹೆಲೀನಾ ಸುತ್ತ ಇವೆ. ವೈನ್ ಥರಾನೇ ಚಿಕ್ಕ ಚಿಕ್ಕ ಕಪ್ಪಲ್ಲಿ ಹಾಕಿ ಕೊಡ್ತಾರೆ. ಹೊಸ ಎಣ್ಣೆ ಗಂಟಲಲ್ಲಿ ಖಾರ ಹತ್ತುತ್ತೆ, ಕೆಮ್ಮು ಬರುತ್ತೆ, ಅದು ಒಳ್ಳೇ ಎಣ್ಣೆಯ ಗುರುತಂತೆ. ಮಾವನವರಿಗೆ ಇದನ್ನ ಕೊಡಿಸಿ, ಬಂದಿದ್ದಕ್ಕೆ ಅವರೂ ಏನೋ ಒಂದು ಟೇಸ್ಟ್ ಮಾಡಿದ ಹಾಗಾಯ್ತು.

ತಿಕೋಟಾ ತೋಟ:
ನಮ್ಮದು ವಿಜಯಪುರ ಜಿಲ್ಲೆ, ಅಪ್ಪಾಜಿದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್. ನಾನೂ ಕುಡಿಯಲ್ಲ, ಆದರೆ ನಾಪಾಗೆ ಹೋದರೆ ಇಡೀ ದಿನ ಬೇಲಿ ಪಕ್ಕ ನಿಂತಿರ್ತೀನಿ ನೋಡ್ರಿ, ಹೆಂಡ್ತಿ ಬೈತಾಳೆ.

ಹಾಸನದವರಿಗೆ ಕಾಫಿ, ಆಲೂಗಡ್ಡೆ, ಶುಂಠಿ ಗೊತ್ತಿರುತ್ತೆ, ದ್ರಾಕ್ಷಿ ಅಷ್ಟು ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಬಳ್ಳಿ ಮಲಗೋದೇ ಇಲ್ಲ, ಬಿಸಿಲು ವರ್ಷಪೂರ್ತಿ. ಅದಕ್ಕೆ ಎರಡು ಸಲ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋದು. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿ ಬೆಳೆಸೋಕೆ, ಅಕ್ಟೋಬರ್‌ನಲ್ಲಿ ಒಮ್ಮೆ ಹಣ್ಣು ಕಟ್ಟೋಕೆ. ಇಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ತಾನೇ ಮಲಗುತ್ತೆ, ಚಳಿಗಾಲದಲ್ಲಿ ಒಂದೇ ಸಲ ಕತ್ತರಿಸ್ತಾರೆ. ನೀವು ಹೋಗೋ ಹೊತ್ತಿಗೆ ಆ ಕೆಲಸ ಮುಗೀತಾ ಬಂದಿರುತ್ತೆ. ಹೊಸದಾಗಿ ಕತ್ತರಿಸಿದ ಕಡ್ಡಿಯ ತುದಿ ನೋಡಿ. ನೆಲ ಬಿಸಿಯಾಗ್ತಿದ್ದಂಗೆ ಬೇರು ನೀರೆಳೆಯೋಕೆ ಶುರು ಮಾಡುತ್ತೆ, ಎಲೆ ಇನ್ನೂ ಇರಲ್ಲ, ಹಂಗಾಗಿ ಆ ನೀರು ಕತ್ತರಿಸಿದ ಬಾಯಿಂದ ಹನಿಹನಿ ತೊಟ್ಟಿಕ್ಕುತ್ತೆ. ಬೆಳಗಿನ ಬಿಸಿಲಲ್ಲಿ ಸಾಲಿಗೆ ಸಾಲೇ ಮಿಂಚುತ್ತೆ. ಇದಕ್ಕೆ ಟಿಕೆಟ್ ಇಲ್ಲ.

ಮತ್ತೆ ನಾವು ನಮ್ಮೂರಲ್ಲಿ ಬೆಳೆಯೋ ಥಾಮ್ಸನ್ ಸೀಡ್‌ಲೆಸ್ ಇದೆಯಲ್ಲ, ಆ ಹೆಸರು ಇದೇ ಕ್ಯಾಲಿಫೋರ್ನಿಯಾದ ಒಬ್ಬ ರೈತನದ್ದು. 1870ರ ದಶಕದಲ್ಲಿ ಯೂಬಾ ಸಿಟಿ ಹತ್ತಿರ ವಿಲಿಯಂ ಥಾಮ್ಸನ್ ಅನ್ನೋರು ಬೆಳೆದು ಹಬ್ಬಿಸಿದರು. ಬಳ್ಳಿ ಮೂಲ ಪಶ್ಚಿಮ ಏಷ್ಯಾದ್ದು, ಹೆಸರು ಇಲ್ಲಿಯದ್ದು, ಒಣಗೋದು ತಿಕೋಟಾದ ಶೆಡ್ಡಲ್ಲಿ! ನಾಪಾದಲ್ಲಿರೋದು ಅದಲ್ಲ, ಜಾಸ್ತಿ ಕ್ಯಾಬರ್ನೆ ಅನ್ನೋ ವೈನ್ ದ್ರಾಕ್ಷಿ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ನಾವು ತಿನ್ನೋ ದ್ರಾಕ್ಷಿಗಿಂತ ಸಿಹಿ ಜಾಸ್ತಿ.

ದಯವಿಟ್ಟು ಒಂದು ವಿಷಯ: ಸಾಲುಗಳ ಒಳಗೆ ನುಗ್ಗಿ ಫೋಟೋ ತೆಗೀಬೇಡಿ. ಅದು ಯಾರದೋ ಹೊಲ. ಅಷ್ಟೇ ಅಲ್ಲ, ಬೇರು ತಿನ್ನೋ ಫಿಲಾಕ್ಸೆರಾ ಅನ್ನೋ ಹೇನು ಬೂಟಿನ ಮಣ್ಣಲ್ಲೇ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತೆ. ಅದನ್ನ ತಡೆಯೋಕೆ ಬೇರೆ ಜಾತಿಯ ಬೇರಿಗೆ ಕಸಿ ಕಟ್ತಾರೆ. ನಮ್ಮಲ್ಲಿ ಡಾಗ್ರಿಜ್ ಅನ್ನೋ ಬೇರಿಗೆ ಕಟ್ಟೋದು ಉಪ್ಪು, ಬರ ತಡೀಲಿ ಅಂತ, ಇಲ್ಲಿ ಈ ಹೇನಿಗೆ. 1980ರ ದಶಕದಲ್ಲಿ ಇವರು ನಂಬಿದ್ದ ಕಸಿಯ ಬೇರು ಕೈಕೊಟ್ಟು ಸಾವಿರಾರು ಎಕರೆ ಕಿತ್ತು ಮತ್ತೆ ನೆಡಬೇಕಾಯ್ತು. ನಮ್ಮ ಹಿರಿಯರಿಗೆ ಬೇರೆಯವರ ಹೊಲ ಕಂಡರೆ ಇಳಿದು ನೋಡೋ ಆಸೆ, ಹಣ್ಣಿನ ಕಾಲದಲ್ಲಾದರೆ "ಒಂದು ಗೊಂಚಲು ತಾನೇ" ಅಂತ ಕೈಯೂ ಹಾಕ್ತಾರೆ, ಮೊದಲೇ ಹೇಳಿಡಿ. ಸಿಲ್ವರಾಡೋ ಟ್ರೇಲ್‌ನಲ್ಲಿ ರಸ್ತೆ ಪಕ್ಕ ಅಗಲ ಇರೋ ಕಡೆ ನಿಲ್ಲಿಸಿದರೆ ಬೇಲಿ ಆಚೆಯಿಂದಲೇ ಎಲ್ಲ ಕಾಣುತ್ತೆ.

ಸಾಲಿನ ತುದಿಗೆ ಗುಲಾಬಿ ಗಿಡ ನೆಟ್ಟಿರ್ತಾರೆ, ಚಂದಕ್ಕೆ ಅಂತಲೇ ಎಲ್ಲರೂ ತಿಳ್ಕೊಳ್ಳೋದು. ಬೂದಿ ರೋಗ ಮೊದಲು ಗುಲಾಬಿಗೆ ಬರುತ್ತೆ, ನೋಡಿ ಔಷಧಿ ಹೊಡೀಬಹುದು ಅಂತ ಹಳಬರು ಮಾಡಿದ ಪದ್ಧತಿ. ಹೊಲದ ಮಧ್ಯೆ ಕಂಬದ ಮೇಲೆ ದೊಡ್ಡ ಫ್ಯಾನ್ ಕಾಣುತ್ತೆ, ಅದು ಕರೆಂಟ್ ಮಾಡೋದಲ್ಲ. ಚಿಗುರು ಬಂದ ಮೇಲೆ ಇಬ್ಬನಿ ಹೆಪ್ಪುಗಟ್ಟೋ ರಾತ್ರಿ ಬಂದರೆ ಮೇಲಿನ ಬೆಚ್ಚಗಿನ ಗಾಳಿಯನ್ನ ಕೆಳಕ್ಕೆ ತಳ್ಳೋಕೆ.

ಸನ್ನಿವೇಲ್ ಸೊಸೆ:
ಇಷ್ಟೆಲ್ಲ ಬರುತ್ತೆ ಅಂದ್ಕೊಂಡಿರಲಿಲ್ಲ, ಥ್ಯಾಂಕ್ಸ್. ಗಿರಣಿ ವಿಷಯ ಅತ್ತೆಗೆ ಓದಿ ಹೇಳಿದೆ, ಅವರು ಈಗಲೇ ರೆಡಿ. ಫ್ಯಾನ್ ವಿಷಯ ಕೇಳಿ ಮಾವ ಎರಡು ಪ್ರಶ್ನೆ ಕೇಳಿದರು, ಅಂದ್ರೆ ಅರ್ಧ ಒಪ್ಪಿದ ಹಾಗೆ. ಆದರೆ ಮಗಳು ಕೋಟೆ ವೈನರಿಯ ವಿಡಿಯೋ ನೋಡಿಬಿಟ್ಟಿದ್ದಾಳೆ, ಅದು ಬೇಕೇ ಬೇಕಂತೆ. ಮಕ್ಕಳನ್ನ ಬಿಡ್ತಾರಾ? ನಾವು ಏನೂ ಕುಡಿಯದೆ ಒಳಗೆ ಹೋದರೆ ಒಂಥರಾ ನೋಡಲ್ವಾ?

ಬೇ ಏರಿಯಾ ಹಳಬ:
ಕಾಸ್ಟೆಲ್ಲೋ ಡಿ ಅಮೊರೋಸಾ ಅದು, ಕ್ಯಾಲಿಸ್ಟೋಗಾ ಹತ್ತಿರ. ಇಟಲಿಯ 13ನೇ ಶತಮಾನದ ಕೋಟೆ ಥರ ಕಟ್ಟಿದ್ದಾರೆ, 107 ಕೋಣೆ, ಬಾಗಿಲು ತೆರೆದಿದ್ದು 2007ರಲ್ಲಿ. ನೆಲಮಾಳಿಗೆಯಲ್ಲಿ ಹಿಂಸೆ ಕೊಡೋ ಕೋಣೆ ಕೂಡ ಇದೆ, 6 ವರ್ಷದವರಿಗೆ ಬೇಡ ಅನ್ಸಿದರೆ ಬಿಟ್ಟು ಹೋಗಿ. ಮಕ್ಕಳಿಗೆ ದ್ರಾಕ್ಷಿ ರಸ ಕೊಡ್ತಾರೆ. ತೀರಾ ಪುಟ್ಟ ಮಕ್ಕಳನ್ನ ಬಿಡಲ್ಲ, ಬುಕ್ ಮಾಡುವಾಗ ವಯಸ್ಸಿನ ನಿಯಮ ಓದಿ. ಮೆಟ್ಟಿಲು ಜಾಸ್ತಿ, ಅತ್ತೆಗೆ ಅಂಗಳ ಸಾಕು. ಒಂಥರಾ ಯಾರೂ ನೋಡಲ್ಲ. ಗರ್ಭಿಣಿಯರು, ಡ್ರೈವ್ ಮಾಡೋರು, ಕುಡಿಯೋದು ಬಿಟ್ಟವರು ದಿನಾ ಬರ್ತಾರೆ, ಅವರಿಗೆ ಅಭ್ಯಾಸ. ಬುಕ್ ಮಾಡುವಾಗಲೇ "ಇಷ್ಟು ಜನ ಕುಡಿಯಲ್ಲ, ಅವರಿಗೆ ಎಷ್ಟು" ಅಂತ ಬರೆದು ಕೇಳಿ, ಉತ್ತರ ಬರಹದಲ್ಲಿ ಇಟ್ಕೊಳ್ಳಿ. ಎಲ್ಲಾ ವೈನರಿಗೂ ಇದೇ ಮಾತು. 1990ರ ಕೌಂಟಿ ನಿಯಮದ ನಂತರ ಶುರುವಾದ ವೈನರಿಗಳಿಗೆ ಮೊದಲೇ ಹೇಳದೆ ಸುಮ್ನೆ ಹೋಗುವಂತೆಯೇ ಇಲ್ಲ.

ಇನ್ನು ಮಾವನವರಿಗೆ ಖುಷಿ ಕೊಡೋ ಇತಿಹಾಸ: 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಮದ್ಯ ನಿಷೇಧ. ಎಷ್ಟೋ ಜನ ಬಳ್ಳಿ ಕಿತ್ತು ಪ್ಲಮ್, ವಾಲ್‌ನಟ್ ಹಾಕಿದರು. ಚರ್ಚಿಗೆ ಪೂಜೆಯ ವೈನ್ ಮಾಡಿಕೊಟ್ಟು ಬದುಕಿದವರು ಕೆಲವರು. ಹಳೇ ವೈನರಿಗಳ ಗುಹೆಗಳನ್ನ ಕೈಯಲ್ಲಿ ಅಗೆದವರು ಚೀನೀ ಕೂಲಿಗಳು, 1882ರಲ್ಲಿ ಅವರದೇ ಜನ ಈ ದೇಶಕ್ಕೆ ಬರದ ಹಾಗೆ ಕಾನೂನು ತಂದರು. ವೀಸಾ ಕಾಯ್ತಾ ಕೂತಿರೋ ನಮಗೆ ಇದು ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ.

ಸುಮ್ನೆ ಓದುವವ:
ಒಂದು ಸಿಪ್ ತಗೊಂಡ್ರೆ ಏನಾಗುತ್ತೆ ಸ್ವಾಮಿ? ಅಷ್ಟು ದೂರ ಹೋಗಿ ರುಚಿ ನೋಡದೆ ಬರೋದು ನನಗಂತೂ ಅರ್ಥ ಆಗಲ್ಲ. ಬೇಡ ಅಂದ್ರೆ ಉಗುಳೋಕೆ ಬಕೆಟ್ ಇಟ್ಟಿರ್ತಾರೆ.

ಡ್ರೈವರ್ ನಾನೇ:
ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಅವರು ಕೇಳಿದ್ದು ಕುಡಿಯದೆ ಏನು ನೋಡಬಹುದು ಅಂತ. ಕುಡೀಬೇಕಾ ಬೇಡ್ವಾ ಅಂತ ಯಾರೂ ನಿಮ್ಮನ್ನ ಕೇಳಿಲ್ಲ.

ಒಗ್ಗರಣೆ:
ಸಸ್ಯಾಹಾರಿಗಳಿಗೆ ಅಂತ ಸೇರಿಸ್ತೀನಿ, ಕೆಲವು ವೈನ್ ತಿಳಿಯಾಗಿಸೋಕೆ ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ಮಾಡಿದ ಪದಾರ್ಥ ಬಳಸ್ತಾರೆ. "ನಾನ್ ಆಲ್ಕೊಹಾಲಿಕ್" ಅಂತ ಬರೆದ ಬಾಟಲಿಯಲ್ಲೂ ಇಲ್ಲಿನ ನಿಯಮದ ಪ್ರಕಾರ ಶೇ. 0.5ಕ್ಕಿಂತ ಕಡಿಮೆ ಆಲ್ಕೊಹಾಲ್ ಇರಬಹುದು. ಮಾವನಂಥವರಿಗೆ ಅದನ್ನ ಹೇಳದೆ ಕೊಡಬೇಡಿ.

ನಿಜವಾದ ವೈನ್ ದ್ರಾಕ್ಷಿಯ ರುಚಿ ಬೇಕು, ಮದ್ಯ ಬೇಡ ಅಂದ್ರೆ ಆಂಡರ್ಸನ್ ಕಣಿವೆಯಲ್ಲಿ ನವಾರೋ ಅಂತ ಒಂದು ವೈನರಿ ಇದೆ, ಗೆವುರ್ಟ್ಸ್‌ಟ್ರಾಮಿನರ್, ಪಿನೋ ನ್ವಾರ್ ದ್ರಾಕ್ಷಿಯ ಬರೀ ರಸವನ್ನ ಬಾಟಲಿಗೆ ತುಂಬಿ ಮಾರ್ತಾರೆ. ಹುದುಗಿಸಿರಲ್ಲ. ಒಂದು ಗುಟುಕಿಗೇ ಅಂಗಡಿಯ ದ್ರಾಕ್ಷಿ ಜ್ಯೂಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಗುತ್ತೆ, ಗುಲಾಬಿ ನೀರಿನ ಘಮ. ಅಲ್ಲಿಗೆ ನಾಪಾಗಿಂತ ಬಹಳ ದೂರ, ಈ ಸಲಕ್ಕೆ ಆಗಲ್ಲ. ಬಾಟಲಿ ತರಿಸ್ಕೋಬಹುದು.

ಸುಮ್ನೆ ಓದುವವ:
ಸರಿ ಸರಿ, ಜಗಳಕ್ಕೆ ಬಂದಿಲ್ಲ. ಹಾಗಾದರೆ ಒಂದು ಕೇಳ್ತೀನಿ, ಇದೆಲ್ಲ ನೋಡೋಕೆ ನಾಪಾನೇ ಯಾಕೆ? ಲಿವರ್‌ಮೋರ್‌ಗೆ ದೇವಸ್ಥಾನಕ್ಕೆ ಎಲ್ಲರೂ ಹೋಗ್ತೀರಲ್ಲ, ಅದೂ ವೈನ್ ಕಣಿವೆಯೇ. ವೆಂಟೆ, ಕಾನ್‌ಕ್ಯಾನನ್ ಅನ್ನೋ ವೈನರಿಗಳು ಎರಡೂ ಶುರುವಾಗಿದ್ದು 1883ರಲ್ಲಿ. ಶಿವ-ವಿಷ್ಣು ದೇವಸ್ಥಾನದಲ್ಲಿ ಪ್ರಸಾದ ತಿಂದು ಕಾರು ಹತ್ತಿದರೆ ಸ್ವಲ್ಪ ಹೊತ್ತಲ್ಲೇ ದ್ರಾಕ್ಷಿ ಸಾಲು. ಮಕ್ಕಳಿಗೆ ಅಲ್ಲಿನ ಅಗ್ನಿಶಾಮಕ ಠಾಣೆಯ ಬಲ್ಬ್ ತೋರಿಸಿ, 1901ರಿಂದ ಉರೀತಿದೆ. ನಮ್ಮ ಜನ ವರ್ಷಕ್ಕೆ ಎಷ್ಟೋ ಸಲ ಹೋಗಿ ಬರ್ತಾರೆ, ಪುಳಿಯೋಗರೆ ತಿಂದು ಸೀದಾ ಮನೆಗೆ.

ಬೇ ಏರಿಯಾ ಹಳಬ:
ಇದು ಒಳ್ಳೇ ಮಾತು. ನಾಪಾದ ಗಲಾಟೆ ಬೇಡ ಅನ್ನೋರಿಗೆ ನಾನೂ ಇದನ್ನೇ ಹೇಳ್ತೀನಿ. ಆದರೆ ಗಿರಣಿ ಲಿವರ್‌ಮೋರ್‌ನಲ್ಲಿಲ್ಲ, ಬಿಸಿನೀರೂ ಇಲ್ಲ. ಸನ್ನಿವೇಲ್ ಸೊಸೆಯವರೇ, ನೀವು ನಾಪಾನೇ ಇಟ್ಕೊಳ್ಳಿ. ಗೀಸರ್, ಕೋಟೆ, ಊಟ, ಗಿರಣಿ, ಕೊನೆಗೆ ಆಕ್ಸ್‌ಬೋ. ಇದಕ್ಕಿಂತ ಜಾಸ್ತಿ ತುಂಬಬೇಡಿ. ಗಿರಣಿ ಬೀಸೋ ಸಮಯ ಮಾತ್ರ ಮೊದಲೇ ನೋಡ್ಕೊಂಡು ಉಳಿದದ್ದನ್ನ ಅದಕ್ಕೆ ಹೊಂದಿಸಿ.

ಸನ್ನಿವೇಲ್ ಸೊಸೆ:
ಹಾಗೇ ಮಾಡ್ತೀವಿ. ಕೊನೇ ಪ್ರಶ್ನೆ. ಕ್ಯಾಲಿಸ್ಟೋಗಾದಲ್ಲಿ ಮಣ್ಣಿನ ಸ್ನಾನ ಅಂತ ಇದೆಯಲ್ಲ, ಮಂಡಿ ನೋವಿಗೆ ಒಳ್ಳೇದು ಅಂತ ಯಾರೋ ಅತ್ತೆಗೆ ಹೇಳಿದ್ದಾರೆ. ಮಾಡಿಸಬಹುದಾ?

ತಿಕೋಟಾ ತೋಟ:
ಬಿಪಿ ಇದೆ ಅಂದ್ರಲ್ಲ, ಬೇಡ್ರಿ. ಜ್ವಾಲಾಮುಖಿ ಬೂದಿ, ಪೀಟ್ ಮಣ್ಣು ಕಲಸಿ ಬಿಸಿ ಮಾಡಿದ ಕೆಸರಲ್ಲಿ ಕುತ್ತಿಗೆವರೆಗೆ ಮುಳುಗಿಸ್ತಾರೆ, ಬಿಪಿ ಇರೋರಿಗೆ, ಗರ್ಭಿಣಿಯರಿಗೆ ಸ್ಪಾದವರೇ ಬೇಡ ಅಂತಾರೆ. ಇನ್ನೊಂದು, ಸಾಮಾನ್ಯವಾಗಿ ಆ ತೊಟ್ಟಿಗೆ ಬಟ್ಟೆ ಇಲ್ಲದೆ ಇಳೀಬೇಕು. ಅತ್ತೆಗೆ ಇದನ್ನ ಮೊದಲು ಹೇಳಿ, ಬಿಪಿ ವಿಷಯದವರೆಗೆ ಮಾತು ಹೋಗೋದೇ ಇಲ್ಲ. ಕೆಲವು ಕಡೆ ಬಿಸಿ ಖನಿಜ ನೀರಿನ ಕೊಳಕ್ಕೆ ಹೊರಗಿನವರಿಗೂ ದಿನದ ಟಿಕೆಟ್ ಕೊಡ್ತಾರೆ. ಡಾಕ್ಟರ್ ಸರಿ ಅಂದ್ರೆ ಸ್ವಲ್ಪ ಹೊತ್ತು ಬರೀ ಕಾಲು ಇಳಿಬಿಟ್ಟು ಕೂರಲಿ. ಟವೆಲ್ ಮನೆಯಿಂದ ಒಯ್ಯಿರಿ, ಮಕ್ಕಳಿಗೆ ಈಜೋ ಬಟ್ಟೆಯೂ ಇರಲಿ.